ಸ್ಟೇಜಿಗೆ ಕರೆದವರಿಗೆ ಇರೋದು ಎರಡೇ ಕೈ: ಯಾವ ಮೈಂಡ್ ರೀಡಿಂಗ್ ಐಟಂ ಎಲ್ಲಿಗೆ ಸರಿ?

ಕೆಲವು ವರ್ಷಗಳ ಹಿಂದೆ, ಒಂದು ಕಂಪನಿಯ ಫ್ಯಾಮಿಲಿ ಡೇಯಲ್ಲಿ ನನ್ನ ಮೈಂಡ್ ರೀಡಿಂಗ್ ಶೋ, ಅಂದರೆ ಬೇರೆಯವರ ಮನಸ್ಸಲ್ಲಿರೋದನ್ನು ಹೇಳುವ ಆಟ. ಮೂರನೇ ಸಾಲಿನಿಂದ ಒಬ್ಬ ಮೇಡಂ ಅವರನ್ನು ಸ್ಟೇಜಿಗೆ ಕರೆದೆ. ಕೈಗೆ ಡ್ರಾಯಿಂಗ್ ಪ್ಯಾಡ್ ಕೊಟ್ಟೆ. ಮಾರ್ಕರ್ ಕೊಟ್ಟೆ. "ಇದನ್ನೂ ಸ್ವಲ್ಪ ಹಿಡ್ಕೊಳ್ಳಿ" ಎಂದು ಸೀಲ್ ಮಾಡಿದ ಕವರ್ ಕೊಟ್ಟೆ. ಆಮೇಲೆ ಮೈಕ್ ಚಾಚಿದೆ. ಹೆಗಲಲ್ಲಿ ವ್ಯಾನಿಟಿ ಬ್ಯಾಗ್ ಬೇರೆ ಇತ್ತು. ಅವರು ಪಾಪ, ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮಾರ್ಕರಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ಎಳೆದು, ಪ್ಯಾಡನ್ನು ಹೊಟ್ಟೆಗೆ ಒತ್ತಿಕೊಂಡು ಚಿತ್ರ ಬರೆಯಲು ಹೋದರು. ಕವರ್ ಜಾರಿ ಬಿತ್ತು. ಎತ್ತಲು ಬಗ್ಗಿದಾಗ ಬ್ಯಾಗ್ ಮುಂದಕ್ಕೆ ಬಂದು ಪ್ಯಾಡ್ ಕೆಳಗೆ ಬಿತ್ತು. ಸಭೆ ಗೊಳ್ಳೆಂದು ನಕ್ಕಿತು, ಅವರ ಮುಖ ಕೆಂಪಾಯಿತು. ನಾನು ಚಿತ್ರವನ್ನು ಸರಿಯಾಗಿಯೇ ಹೇಳಿದೆ. ಆದರೆ ಅಷ್ಟು ಹೊತ್ತಿಗೆ ಅದು ಯಾರಿಗೂ ಬೇಕಿರಲಿಲ್ಲ.

ಅವತ್ತಿನಿಂದ ಯಾವ ಐಟಂ ನೋಡಿದರೂ ನಾನು ಮೊದಲು ಕೈ ಎಣಿಸುತ್ತೇನೆ. ಬಂದವರಿಗೆ ಎಷ್ಟು ಕೆಲಸ? ಎಷ್ಟು ನೆನಪಿಟ್ಟುಕೊಳ್ಳಬೇಕು? ಅವರು ತಪ್ಪಿದರೆ ಐಟಂ ಬಿದ್ದೇ ಹೋಗುತ್ತದಾ, ಇಲ್ಲ ನಾವು ಸಂಭಾಳಿಸಬಹುದಾ? ಅವರು ಬರೆಯುತ್ತಿರುವಾಗ ಕೊನೇ ಸಾಲಿನವರು ಏನು ನೋಡುತ್ತಿರುತ್ತಾರೆ? ಹೊಸ ಹುಡುಗರು "ಅಣ್ಣ, ಯಾವ ಐಟಂ ತಗೊಳ್ಳಲಿ?" ಎಂದು ಕೇಳುವಾಗ ಟ್ರಿಕ್ ಎಷ್ಟು ಜೋರಾಗಿದೆ ಎಂದಷ್ಟೇ ನೋಡಿರುತ್ತಾರೆ. ಮಾರುವವರ ವಿಡಿಯೋದಲ್ಲಿ ಬಾಯಿ ಬಿಟ್ಟು ನಿಂತವರ ಮುಖ ಮಾತ್ರ ಇರುತ್ತದೆ. ಅದಕ್ಕೆ ಮುಂಚಿನ ನಾಲ್ಕು ನಿಮಿಷದ ಬರೆಯೋದು, ಮಡಿಚೋದು, ಎಣಿಸೋದನ್ನು ಕತ್ತರಿಸಿ ಬಿಸಾಕಿರುತ್ತಾರೆ. ನಾನು ಹೇಳಲು ಹೊರಟಿರೋದು ಆ ನಾಲ್ಕು ನಿಮಿಷದ ಬಗ್ಗೆ. ಕೈಚಳಕದ ಗುಟ್ಟು ಬಿಚ್ಚೋದಿಲ್ಲ, ಅದಕ್ಕೆ ಬೇರೆ ಜಾಗ ಇದೆ.

ಎಲ್ಲರೂ ಕೂತಲ್ಲೇ ಆಡುವ ಐಟಂ

ಐನೂರು, ಸಾವಿರ ಜನ ಇರುವ ಕಡೆ ಒಬ್ಬರನ್ನು ಸ್ಟೇಜಿಗೆ ಹತ್ತಿಸಿದರೆ ಉಳಿದವರು ದೂರದಿಂದ ನೋಡುವವರಾಗಿಬಿಡುತ್ತಾರೆ. ಅಂಥ ಕಡೆ ಎಲ್ಲರ ಕೈಗೂ ಏನಾದರೂ ಕೊಡೋದು ಒಳ್ಳೆಯದು. ಇದರ ಅತಿ ದೊಡ್ಡ ಉದಾಹರಣೆ 2024ರ ಫೆಬ್ರುವರಿಯಲ್ಲಿ ಚೀನಾದ ಸರ್ಕಾರಿ ಟೀವಿಯ ಹೊಸವರ್ಷದ ಕಾರ್ಯಕ್ರಮದಲ್ಲಿ ನಡೆಯಿತು. ಜಾದೂಗಾರ ಲಿಯು ಚಿಯಾನ್ ಮನೆಯಲ್ಲಿ ಕೂತವರಿಗೂ ನಾಲ್ಕು ಇಸ್ಪೀಟು ಎಲೆ ಹಿಡಿದುಕೊಳ್ಳಲು ಹೇಳಿದರು. ಅದನ್ನು ಎರಡೆರಡು ತುಂಡು ಮಾಡಿ, ಜೋಡಿಸಿ, ಒಂದು ತುಂಡನ್ನು ಬಚ್ಚಿಟ್ಟು, ಉಳಿದದ್ದನ್ನು ಸುತ್ತಿಸಿ, ಒಂದೊಂದಾಗಿ ಎಸೆಯುತ್ತಾ ಹೋದರೆ ಕೊನೆಗೆ ಉಳಿಯುವ ತುಂಡು ಬಚ್ಚಿಟ್ಟ ತುಂಡಿಗೆ ಜೋಡಿಯಾಗಬೇಕು. ಕೋಟ್ಯಂತರ ಮನೆಗಳಲ್ಲಿ ಆಯಿತು. ಅಲ್ಲೇ ಸ್ಟೇಜಿನ ಪಕ್ಕ ನಿಂತಿದ್ದ ಒಬ್ಬ ನಿರೂಪಕರದು ಮಾತ್ರ ಜೋಡಿಯಾಗಲಿಲ್ಲ! ಮಾರನೇ ದಿನ ಟ್ರಿಕ್ಕಿಗಿಂತ ಅವರ ಪೆಚ್ಚು ಮೋರೆಯೇ ಜಾಸ್ತಿ ಓಡಾಡಿತು.

ಈ ಜಾತಿಯ ಐಟಂಗಳ ಗುಣವೂ ಅದೇ, ದೋಷವೂ ಅದೇ. ಒಳಗಿರೋದು ಗಣಿತ. ಜನ ಹೇಳಿದಂತೆ ಮಾಡಿದರೆ ತಪ್ಪೋದಿಲ್ಲ, ಹೇಳಿದಂತೆ ಮಾಡದಿದ್ದರೆ ದೇವರೇ ಗತಿ. ಆ ಐಟಂನ ಲೆಕ್ಕ ಆಗಲೇ ಎಲ್ಲೆಡೆ ಹರಿದಾಡಿರುವುದರಿಂದ ಒಂದು ಮಾತು ಹೇಳಬಹುದು. ಅದರಲ್ಲಿ "ನಿಮ್ಮ ಹೆಸರಿನ ಅಕ್ಷರ ಎಷ್ಟೋ ಅಷ್ಟು ಎಲೆ ಮೇಲಿಂದ ತೆಗೆದು ಕಟ್ಟಿನ ಅಡಿಗೆ ಹಾಕಿ" ಎಂಬ ಹಂತ ಬರುತ್ತದೆ. ಅಲ್ಲಿ ಎಷ್ಟು ಎಣಿಸಿದರೂ ನಡೆಯುತ್ತದೆ, ಹಾಗಾಗಿ ಕೃಷ್ಣ ಅನ್ನುವವರು ತಮ್ಮ ಹೆಸರಲ್ಲಿ ಎರಡು ಅಕ್ಷರ ಎಂದರೂ ಸರಿ, ಒತ್ತಕ್ಷರ ಸೇರಿಸಿ ಮೂರು ಎಂದರೂ ಸರಿ. ಆದರೆ ಮುಂದೆ ಒಂದು ಕಡೆ ಖಡಾಖಂಡಿತ 7 ಎಲೆ ಸರಿಸಲೇಬೇಕು. ಚೀನೀ ಭಾಷೆಯಲ್ಲಿ ಅವರು ಅಲ್ಲಿ ಏಳು ಅಕ್ಷರದ ಒಂದು ಮಾತು ಹೇಳಿಸಿದರು. ಕನ್ನಡದಲ್ಲಿ ಏನು ಹೇಳಿಸೋದು ಎಂದು ನಾನು ಒಂದು ವಾರ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಸಿ, ರಿ, ಗ, ನ್ನ, ಡಂ, ಗೆ, ಲ್ಗೆ. ಸರಿಯಾಗಿ ಏಳು! ರಾಜ್ಯೋತ್ಸವದ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಹೇಳುತ್ತಾ, ಒಂದೊಂದು ಅಕ್ಷರಕ್ಕೆ ಒಂದೊಂದು ಎಲೆ ಕಟ್ಟಿನ ಅಡಿಗೆ ಹಾಕಿದರೆ ಯಾರೂ ಲೆಕ್ಕ ತಪ್ಪೋದಿಲ್ಲ, ಚಪ್ಪಾಳೆ ಮಧ್ಯದಲ್ಲೇ ಬಂದುಬಿಡುತ್ತದೆ. ಇನ್ನೊಂದು ವಿಷಯ. ದೇವಸ್ಥಾನದ ಸಭಾಂಗಣ, ಮಠದ ಕಾರ್ಯಕ್ರಮ ಅಂದರೆ ಇಸ್ಪೀಟು ಒಯ್ಯಬೇಡಿ. ಹಿರಿಯರು ಮುಖ ಸಿಂಡರಿಸುತ್ತಾರೆ. ಹೂವು, ಹಣ್ಣು, ಪ್ರಾಣಿ, ಪಕ್ಷಿಯ ಚಿತ್ರ ಅಚ್ಚು ಹಾಕಿಸಿದ ದಪ್ಪ ಚೀಟಿ ಸಾಕು.

ಕೊರತೆ ಏನು ಅಂದರೆ, ಇಲ್ಲಿ ಯಾರ ಮನಸ್ಸನ್ನೂ ಯಾರೂ ಓದಲಿಲ್ಲ. ಜನ ಖುಷಿಪಡುತ್ತಾರೆ, ಆದರೆ ನಿಮ್ಮ ಬಗ್ಗೆ ಬೆರಗು ಹುಟ್ಟೋದಿಲ್ಲ. ಶುರುವಿಗೆ ಚೆನ್ನ, ಕೊನೆಗೆ ಬೇಡ. ಎರಡು ಭಾಷೆಯಲ್ಲಿ ಹೇಳಬೇಕಾದ ಸಭೆ ಆದರೆ ಶುರುವಿಗೂ ಬೇಡ. ಪ್ರತಿ ಸೂಚನೆಯನ್ನೂ ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಹೇಳುವಷ್ಟರಲ್ಲಿ ಅರ್ಧ ಜನ ಒಂದು ಹೆಜ್ಜೆ ಮುಂದಿರುತ್ತಾರೆ, ಅರ್ಧ ಜನ ಒಂದು ಹೆಜ್ಜೆ ಹಿಂದಿರುತ್ತಾರೆ.

ಬುಕ್ ಟೆಸ್ಟ್: ಕನ್ನಡದಲ್ಲಿ ಇದರ ಕಷ್ಟವೇ ಬೇರೆ

ಪುಸ್ತಕ ಕೊಟ್ಟು, ಯಾವುದೋ ಪುಟ ತೆಗೆಸಿ, ಅವರು ಮನಸ್ಸಲ್ಲಿ ಇಟ್ಟುಕೊಂಡ ಪದ ಹೇಳೋದು. ಹೊರದೇಶದಲ್ಲಿ ಇದು ಮೆಂಟಲಿಸ್ಟರ, ಅಂದರೆ ಮನಸ್ಸು ಓದುವ ಆಟ ಆಡುವವರ, ಅನ್ನ ಸಾರು ಇದ್ದ ಹಾಗೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಬುಕ್ ಟೆಸ್ಟ್ ಇಂಗ್ಲಿಷಿಗೆ ಮಾಡಿದ್ದು. ಅದನ್ನೇ ಕನ್ನಡಕ್ಕೆ ಇಳಿಸಿಕೊಳ್ಳುತ್ತೇನೆ ಎಂದು ನಾನೂ ಹೊರಟಿದ್ದೆ, ಕೈ ಸುಟ್ಟುಕೊಂಡೆ.

ಮೊದಲ ತೊಡಕು ನಮ್ಮ ವಿಭಕ್ತಿ. ಕನ್ನಡ ಪುಟದಲ್ಲಿ "ದೇವಸ್ಥಾನ" ಎಂಬ ಪದ ಹಾಗೇ ಬಿಡಿಯಾಗಿ ಇರೋದು ಅಪರೂಪ. "ದೇವಸ್ಥಾನದಿಂದ" ಇರುತ್ತದೆ, "ದೇವಸ್ಥಾನಕ್ಕೂ" ಇರುತ್ತದೆ, "ದೇವಸ್ಥಾನದೊಳಗಿನಿಂದಲೇ" ಅಂತಲೂ ಇರುತ್ತದೆ. ಪುಟದಲ್ಲಿ ಇದನ್ನು ನೋಡಿದವರು ಮನಸ್ಸಲ್ಲಿ ಯಾವುದನ್ನು ಇಟ್ಟುಕೊಂಡರು? ಕೆಲವರು ಬಾಲ ಕತ್ತರಿಸಿ ದೇವಸ್ಥಾನ ಎನ್ನುತ್ತಾರೆ, ಕೆಲವರು ಪ್ರಾಮಾಣಿಕರು, ಬಾಲ ಸಮೇತ ಇಟ್ಟುಕೊಂಡಿರುತ್ತಾರೆ. ನೀವು "ದೇವಸ್ಥಾನ" ಎಂದಾಗ ಅವರು "ಹತ್ತಿರ ಬಂದ್ರಿ" ಅಂದುಬಿಟ್ಟರೆ ಮುಗಿಯಿತು. ನೂರಕ್ಕೆ ನೂರು ಸರಿ ಹೇಳಿದ್ದು ಎಂಬತ್ತಾಗಿ ಕೇಳಿಸುತ್ತದೆ.

ಎರಡನೆಯದು ಕಾಗುಣಿತ. "ಮೊದಲ ಅಕ್ಷರವನ್ನು ಮನಸ್ಸಲ್ಲಿ ನೆನೆಸಿಕೊಳ್ಳಿ" ಎಂದರೆ ಇಂಗ್ಲಿಷಿನಲ್ಲಿ 26ರಲ್ಲಿ ಒಂದು. ಇಲ್ಲಿ "ಪ್ರೀತಿ"ಯ ಮೊದಲ ಅಕ್ಷರ ಯಾವುದು? ಪ ಅನ್ನುವವರೂ ಇದ್ದಾರೆ, ಪ್ರ ಅನ್ನುವವರೂ ಇದ್ದಾರೆ, ಪ್ರೀ ಅನ್ನುವ ಕನ್ನಡ ಮೇಷ್ಟ್ರೂ ಇದ್ದಾರೆ. ಮೂರನೆಯದು ನಮ್ಮ ಕಾಲದ್ದು. ಬೆಂಗಳೂರಿನ ಸಭೆಯಲ್ಲಿ ಕನ್ನಡ ಸಲೀಸಾಗಿ ಮಾತಾಡುವ, ಆದರೆ ಓದಲು ತಡವರಿಸುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ನೂರು ಜನರ ಮುಂದೆ ಅವರ ಕೈಗೆ ಕಾದಂಬರಿ ಕೊಟ್ಟರೆ ಅದು ಪರೀಕ್ಷೆಯೇ, ಆದರೆ ನೀವು ಅಂದುಕೊಂಡ ಪರೀಕ್ಷೆ ಅಲ್ಲ. ಹಿರಿಯರಿಗೆ ಕೊಟ್ಟರೆ ಕನ್ನಡಕ ಕುರ್ಚಿಯ ಮೇಲೆ ಬಿಟ್ಟು ಬಂದಿರುತ್ತಾರೆ.

ಹಾಗಾದರೆ ಬಿಡೋದಾ? ಬೇಡ. ಪದ ಕೇಳಬೇಡಿ, ಚಿತ್ರ ಕೇಳಿ. "ಈ ಸಾಲು ಓದಿದಾಗ ಕಣ್ಣ ಮುಂದೆ ಏನು ಬಂತು, ಅದನ್ನೇ ನೋಡುತ್ತಿರಿ" ಎನ್ನಿ. ಗುಡಿಯ ಗೋಪುರ, ಹೊರಗೆ ಬಿಟ್ಟ ಚಪ್ಪಲಿ, ತೆಂಗಿನಕಾಯಿ ಒಡೆಯುವ ಕಲ್ಲು ಎಂದು ನೀವು ಒಂದೊಂದಾಗಿ ಹೇಳುತ್ತಾ ಹೋದರೆ ವಿಭಕ್ತಿಯ ಗೊಡವೆಯೇ ಇಲ್ಲ, ಕೇಳುವವರಿಗೂ ಕತೆ ಕೇಳಿದ ಹಾಗಿರುತ್ತದೆ. ನೂರೈವತ್ತು ಜನದೊಳಗಿನ ಸಭೆ, ಓದುವ ಅಭ್ಯಾಸ ಇರುವವರು, ಒಳ್ಳೆ ಬೆಳಕು ಇದ್ದರೆ ಬುಕ್ ಟೆಸ್ಟ್ ಮಾಡಿ. ಕಾಲೇಜು ಫೆಸ್ಟಿನ ಮೈದಾನದಲ್ಲಿ ಖಂಡಿತ ಬೇಡ. ಹಿಂದಿನವರಿಗೆ ಯಾರೋ ಪುಸ್ತಕ ಹಿಡಿದು ನಿಂತಿರೋದು ಬಿಟ್ಟರೆ ಬೇರೇನೂ ಕಾಣೋದಿಲ್ಲ.

ಚೀಟಿ ಬರೆಸಿ ಉತ್ತರ ಹೇಳೋದು

ಬಾಗಿಲಲ್ಲೇ ಎಲ್ಲರಿಗೂ ಚೀಟಿ ಕೊಟ್ಟು ಪ್ರಶ್ನೆ ಬರೆಸಿಕೊಂಡು, ಸ್ಟೇಜಿನ ಮೇಲಿಂದ "ಐದನೇ ಸಾಲಿನಲ್ಲಿ ಯಾರೋ ಮನೆ ಕಟ್ಟಿಸುವ ಯೋಚನೆಯಲ್ಲಿದ್ದೀರಿ, ಅಲ್ವಾ?" ಎಂದು ಹೇಳುವ ಐಟಂ. ಅಮೆರಿಕದ ಅಲೆಕ್ಸಾಂಡರ್ (1880–1954) ತಲೆಗೆ ಪೇಟ ಸುತ್ತಿಕೊಂಡು ಇದರಿಂದಲೇ ದೊಡ್ಡ ಹೆಸರು ಮಾಡಿದವನು. ಬೆರಗಿನ ಲೆಕ್ಕದಲ್ಲಿ ಇದನ್ನು ಮೀರಿಸುವ ಐಟಂ ಇಲ್ಲ. ಜನರಿಗೆ ಕೆಲಸವೂ ಕಡಿಮೆ, ಒಂದು ಸಾಲು ಬರೆದರೆ ಆಯಿತು. ಯಾವ ಚೀಟಿಯಾದರೂ ಬಿಟ್ಟು ಮುಂದಕ್ಕೆ ಹೋಗಬಹುದು, ಹಾಗಾಗಿ ಅರ್ಧ ಗಂಟೆಗೂ ಎಳೆಯಬಹುದು, ಹತ್ತು ನಿಮಿಷಕ್ಕೂ ಮುಗಿಸಬಹುದು.

ನಾನು ಮಾತ್ರ ಪ್ರಶ್ನೆ ಬರೆಸೋದನ್ನು ನಿಲ್ಲಿಸಿದೆ. ಒಂದು ಸಲ ಚೀಟಿ ಬಿಚ್ಚಿದರೆ "ಅಪ್ಪ ಈಗ ಎಲ್ಲಿದ್ದಾರೆ?" ಎಂದಿತ್ತು. ಅಕ್ಷರ ಮಗುವಿನದು. ಜೇಬಿಗೆ ಹಾಕಿಕೊಂಡು ಬೇರೆ ಚೀಟಿ ತೆಗೆದೆ, ಆದರೆ ಉಳಿದ ಶೋ ಹೇಗೆ ಮುಗಿಸಿದೆನೋ ನೆನಪಿಲ್ಲ.

ನಮ್ಮ ಜನಕ್ಕೆ ಭವಿಷ್ಯ ಕೇಳೋದು ರೂಢಿ. ಬೆಳಗ್ಗೆ ಬುಡುಬುಡಿಕೆಯವರು ಬಾಗಿಲಲ್ಲಿ ನಿಂತು "ಈ ಮನೆಯ ಯಜಮಾನನಿಗೆ ಯಾರಿಗೂ ಹೇಳದ ಒಂದು ಚಿಂತೆ ಇದೆ" ಅನ್ನುತ್ತಾರೆ, ಒಳಗಿಂದ ಅಜ್ಜಿ ಮೊರದಲ್ಲಿ ಅಕ್ಕಿ ತರುತ್ತಾರೆ. ಯಾವ ಯಜಮಾನನಿಗೆ ಚಿಂತೆ ಇಲ್ಲ? ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ 1948ರಲ್ಲಿ ಇದನ್ನೇ ಕ್ಲಾಸಿನಲ್ಲಿ ಮಾಡಿ ನೋಡಿದರು. 39 ವಿದ್ಯಾರ್ಥಿಗಳಿಗೆ "ಇದು ನಿನ್ನ ವ್ಯಕ್ತಿತ್ವ" ಎಂದು ಎಲ್ಲರಿಗೂ ಒಂದೇ ಬರಹ ಕೊಟ್ಟರು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಹುಡುಗರು ಕೊಟ್ಟ ಅಂಕದ ಸರಾಸರಿ 5ಕ್ಕೆ 4.26. ಸ್ಟೇಜಿನ ಮೇಲೆ ಇದು ಕೆಲಸ ಮಾಡುತ್ತದೆ, ಜಾಸ್ತಿಯೇ ಮಾಡುತ್ತದೆ. ಶೋ ಮುಗಿದ ಮೇಲೆ ಊಟದ ಹಾಲಿನಲ್ಲಿ ಮಗಳ ಮದುವೆ ಯಾವಾಗ, ಕೋರ್ಟ್ ಕೇಸು ಏನಾಗುತ್ತದೆ ಎಂದು ಕೇಳಲು ಸಾಲು ನಿಲ್ಲುತ್ತದೆ. ಆಗ "ಅದು ಬರೀ ಆಟ ಅಮ್ಮ" ಎಂದರೆ ಅವರು ನಂಬೋದಿಲ್ಲ, "ನಿಮಗೆ ಹೇಳೋಕೆ ಇಷ್ಟ ಇಲ್ಲ" ಅಂದುಕೊಳ್ಳುತ್ತಾರೆ.

ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರ ಊರು ಇದು. ಪವಾಡ ತೋರಿಸಿ ಜನರನ್ನು ವಂಚಿಸೋದರ ವಿರುದ್ಧ 2017ರ ಕಾಯ್ದೆಯೂ ಇದೆ. ಮನರಂಜನೆ ಬೇರೆ, ವಂಚನೆ ಬೇರೆ, ನಿಜ. ಆ ಗೆರೆ ಸಭೆಗೆ ಕಾಣುವ ಹಾಗೆ ಎಳೆಯಬೇಕಾದವರು ನಾವು. ಅದಕ್ಕೇ ಈಗ ಚೀಟಿ ಮಾಡಿದರೆ ಪ್ರಶ್ನೆ ಬರೆಸೋದಿಲ್ಲ. "ಸ್ಕೂಲಿನಲ್ಲಿ ನಿಮಗಿದ್ದ ಅಡ್ಡಹೆಸರು ಬರೆಯಿರಿ", "ಒಮ್ಮೆಯಾದರೂ ನೋಡಬೇಕು ಅಂದುಕೊಂಡ ಊರು ಬರೆಯಿರಿ" ಎನ್ನುತ್ತೇನೆ. ನಗು ಬರುತ್ತದೆ, ಕಣ್ಣೀರು ಬರೋದಿಲ್ಲ. ಬೆರಗು ಸ್ವಲ್ಪ ಇಳಿಯುತ್ತದೆ, ಒಪ್ಪುತ್ತೇನೆ.

ಐದು ವಸ್ತುವಾ, ಐದು ಕವರಾ?

ನಾಲ್ಕೈದು ಜನರನ್ನು ಒಟ್ಟಿಗೆ ಕರೆಯುವ ಐಟಂಗಳಲ್ಲಿ ಈ ಎರಡು ಎದುರಾಳಿಗಳು. ಮೊದಲನೆಯದರಲ್ಲಿ ಐವರು ತಮ್ಮ ಒಂದೊಂದು ವಸ್ತುವನ್ನು ಒಂದೇ ಥರದ ಚೀಲದಲ್ಲಿ ಹಾಕುತ್ತಾರೆ, ಕಲೆಸುತ್ತಾರೆ, ನೀವು ಒಂದೊಂದನ್ನು ಮುಟ್ಟಿ ನೋಡಿ ಯಾರದು ಎಂದು ಹೇಳಿ ವಾಪಸು ಕೊಡುತ್ತೀರಿ. ಅಮೆರಿಕದ ಥಿಯೋ ಆನೆಮನ್ (1907–1942) ಇದನ್ನು ಮನೆಮಾತಾಗಿಸಿದವರಲ್ಲಿ ಒಬ್ಬ. ಎರಡನೆಯದು ಬ್ಯಾಂಕ್ ನೈಟ್. ಐದು ಕವರಿನಲ್ಲಿ ಒಂದರಲ್ಲಿ ದುಡ್ಡು, ನಾಲ್ವರು ತಮಗೆ ಬೇಕಾದ್ದನ್ನು ಆರಿಸುತ್ತಾರೆ, ಉಳಿದ ಕವರ್ ನಿಮ್ಮದು, ದುಡ್ಡು ಅದರಲ್ಲೇ. ಆ ಹೆಸರು 1930ರ ದಶಕದಲ್ಲಿ ಅಮೆರಿಕದ ಚಿತ್ರಮಂದಿರಗಳು ಜನ ಸೇರಿಸಲು ನಡೆಸುತ್ತಿದ್ದ ನಗದು ಲಾಟರಿಯಿಂದ ಬಂದದ್ದು.

ಬ್ಯಾಂಕ್ ನೈಟಿನ ದೊಡ್ಡ ಲಾಭ, ವಿವರಿಸುವ ಕೆಲಸವೇ ಇಲ್ಲ. ಐದು ಕವರ್, ಒಂದರಲ್ಲಿ ದುಡ್ಡು ಎಂದರೆ ಮಗುವಿಗೂ ಅರ್ಥವಾಗುತ್ತದೆ. ಬಂದವರು ಒಂದು ಕವರ್ ಹಿಡಿದರೆ ಸಾಕು. "ಬದಲಾಯಿಸ್ತೀರಾ ಸರ್? ಯೋಚನೆ ಮಾಡಿ" ಎಂದಾಗ ಇಡೀ ಸಭೆ "ಬೇಡ ಬೇಡ!" ಎಂದು ಕೂಗುತ್ತದೆ. ಆರು ನಿಮಿಷದಲ್ಲಿ ಮುಗಿಯುತ್ತದೆ. ಮದುವೆ ರಿಸೆಪ್ಷನ್ನಿಗೆ ನಾನು ಬಳಸೋದು ಒಂದು ರೂಪಾಯಿ ನಾಣ್ಯ ಅಂಟಿಸಿದ ಮುಯ್ಯಿ ಕವರ್. ಅದನ್ನು ನೋಡುತ್ತಲೇ ಅರ್ಧ ನಗು ಬಂದಿರುತ್ತದೆ.

ತೊಂದರೆ ಎಲ್ಲಿ? ಕೊನೆಗೆ ದುಡ್ಡು ಹೋಗೋದು ನಿಮ್ಮ ಜೇಬಿಗೆ. ನಾಲ್ವರು ಸೋತವರು ಸ್ಟೇಜಿನ ಮೇಲೆ ಸಾಲಾಗಿ ನಿಂತಿದ್ದಾರೆ, ನೀವು ನೋಟು ತೋರಿಸಿ ನಗುತ್ತಿದ್ದೀರಿ. ಹೊರಗಿನಿಂದ ಬಂದ ಕಲಾವಿದ ನಮ್ಮವರನ್ನು ಮಂಗ ಮಾಡಿದ ಅನ್ನಿಸುತ್ತದೆ. ಇದನ್ನು ಸರಿ ಮಾಡೋದು ಸುಲಭ. ಉಳಿದ ನಾಲ್ಕು ಕವರಿನಲ್ಲೂ ಏನಾದರೂ ಇಡಿ: ಚಾಕೊಲೇಟು, ಕಾಫಿ ಕೂಪನ್ನು, "ನಾಳೆ ಆಫೀಸಿಗೆ ಲೇಟಾಗಿ ಬರಬಹುದು" ಎಂದು ಬಾಸ್ ಸಹಿ ಹಾಕಿದ ಚೀಟಿ (ಮೊದಲೇ ಬಾಸ್ ಹತ್ತಿರ ಕೇಳಿಕೊಂಡು, ಮತ್ತೆ). ದುಡ್ಡನ್ನು ಮದುಮಕ್ಕಳಿಗೆ ಕೊಟ್ಟುಬಿಡಿ.

ವಸ್ತುಗಳ ಐಟಂ ನಿಧಾನ. ಹನ್ನೆರಡು ನಿಮಿಷ ಬೇಕು, ಮತ್ತು ಮಾತು ಬೇಕು. ಕೀಲಿಗೊಂಚಲು ತೆಗೆದು ಸುಮ್ನೆ "ಇದು ನಿಮ್ಮದು" ಎಂದರೆ ಅದು ಕಳೆದುಹೋದ ಸಾಮಾನು ಹಂಚುವ ಕೌಂಟರ್ ಆಗುತ್ತದೆ. "ಈ ಗೊಂಚಲಲ್ಲಿ ಏಳು ಕೀಲಿ ಇವೆ, ನಾಲ್ಕು ಯಾವುದರದ್ದು ಎಂದು ಇವರಿಗೇ ಗೊತ್ತಿಲ್ಲ, ಆದರೂ ಬಿಸಾಕೋದಿಲ್ಲ, ಇವರ ಮನೆಯಲ್ಲಿ ಹಳೆಯ ಚಾರ್ಜರ್‌ಗಳ ಒಂದು ಡಬ್ಬಿಯೂ ಇರಬೇಕು" ಎಂದರೆ ಸಭೆ ಅವರ ಹೆಂಡತಿಯ ಕಡೆ ತಿರುಗಿ ನೋಡುತ್ತದೆ. ಅಲ್ಲಿ ಐಟಂ ಇದೆ. ಚಿನ್ನ ಮಾತ್ರ ತೆಗೆದುಕೊಳ್ಳಬೇಡಿ. ಉಂಗುರ, ಓಲೆ, ಸರ ಯಾವುದೂ ಬೇಡ; ಚೀಲ ಕಲೆಸುವಾಗ ಒಂದು ಹರಳು ಬಿದ್ದರೆ ನಿಮ್ಮ ಸಂಭಾವನೆಯೆಲ್ಲ ಅದಕ್ಕೇ. ಮೊಬೈಲೂ ಬೇಡ, ಮಧ್ಯದಲ್ಲಿ ರಿಂಗಾಗುತ್ತದೆ.

ಮಾತಿನ ಮೇಲೆ ಹಿಡಿತ ಇದ್ದರೆ ವಸ್ತು, ಇನ್ನೂ ಇಲ್ಲದಿದ್ದರೆ ಕವರ್.

ನನ್ನ ಮೆಚ್ಚಿನದು: ಬಚ್ಚಿಟ್ಟದ್ದನ್ನು ಹುಡುಕೋದು

ನೀವು ಹೊರಗೆ ಹೋಗುತ್ತೀರಿ. ಸಭೆಯವರು ಒಂದು ವಸ್ತುವನ್ನು ಎಲ್ಲೋ ಬಚ್ಚಿಡುತ್ತಾರೆ. ವಾಪಸು ಬಂದು, ಜಾಗ ಗೊತ್ತಿರುವ ಒಬ್ಬರ ಮಣಿಕಟ್ಟು ಹಿಡಿದು, ಅವರು ಏನೂ ಮಾತಾಡದೆ ಬರೀ ಜಾಗವನ್ನು ನೆನೆಯುತ್ತಿದ್ದರೆ, ನೀವು ಅದನ್ನು ಹುಡುಕಿ ತೆಗೆಯುತ್ತೀರಿ. ಅಮೆರಿಕದ ವಾಷಿಂಗ್ಟನ್ ಅರ್ವಿಂಗ್ ಬಿಷಪ್ (1855–1889) ಇದರಲ್ಲಿ ಹೆಸರಾದವನು. ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಪ್ರದರ್ಶನ ಕೊಡುವಾಗಲೇ ಕುಸಿದುಬಿದ್ದ. ಪೋಸ್ಟ್‌ಮಾರ್ಟಂ ಮಾಡಿದಾಗ ಮಗ ಇನ್ನೂ ಬದುಕಿದ್ದ ಎಂದು ಅವನ ತಾಯಿ ಕೊನೆಯವರೆಗೂ ಹೋರಾಡಿದಳು. ನಮ್ಮ ಕಾಲದಲ್ಲಿ ಅಮೆರಿಕದ ಮೆಂಟಲಿಸ್ಟ್ ಕ್ರೆಸ್ಕಿನ್ (1935–2024) ತನ್ನ ಸಂಭಾವನೆಯ ಚೆಕ್ಕನ್ನೇ ಬಚ್ಚಿಡಿಸಿ, ಸಿಗದಿದ್ದರೆ ಬಿಟ್ಟುಕೊಡುತ್ತೇನೆ ಎನ್ನುತ್ತಿದ್ದ. ಪ್ರೇಕ್ಷಕರಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಪಣ ಇಲ್ಲ.

ಇದು ಹೇಗೆ ನಡೆಯುತ್ತದೆ ಎನ್ನುವುದು ಗುಟ್ಟೇನಲ್ಲ. ಯೋಚನೆ ಮಾಡುವಾಗ ನಮಗೇ ತಿಳಿಯದಂತೆ ಸ್ನಾಯು ಅಲುಗುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಬರೆದಿದ್ದ. ಸರಿ ದಿಕ್ಕಿಗೆ ಹೋದರೆ ಕೈ ಹಗುರ, ತಪ್ಪು ದಿಕ್ಕಿಗೆ ಹೋದರೆ ಒಂದು ಸಣ್ಣ ತಡೆ. ಅಷ್ಟೇ. ಆ ಅಷ್ಟನ್ನು ಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ಮನೆಯವರು, ಸ್ನೇಹಿತರು, ಪಕ್ಕದ ಮನೆ ಮಕ್ಕಳು ಎಲ್ಲರ ಕೈ ಹಿಡಿದು ಸೋಫಾ ಕೆಳಗೆ ತೆವಳಿದ್ದೇನೆ.

ಈಗ ಕೈ ಎಣಿಸಿ. ಬಂದವರ ಕೈಯಲ್ಲಿ ಏನೂ ಇಲ್ಲ! ಬರೆಯೋದಿಲ್ಲ, ಓದೋದಿಲ್ಲ, ಎಣಿಸೋದಿಲ್ಲ. ಭಾಷೆಯೇ ಬೇಡ. ಕೊನೇ ಸಾಲಿನವರಿಗೂ ಎಲ್ಲ ಕಾಣುತ್ತದೆ, ಏಕೆಂದರೆ ನೀವೇ ಅವರ ಹತ್ತಿರ ಹೋಗುತ್ತೀರಿ. ಮತ್ತು ಜಾಗ ಎಲ್ಲರಿಗೂ ಗೊತ್ತು, ನಿಮ್ಮೊಬ್ಬರಿಗೆ ಗೊತ್ತಿಲ್ಲ. ಮೆಂಟಲಿಸಂನಲ್ಲಿ ಹೀಗೆ ಸಭೆಯೇ ನಮಗಿಂತ ಮುಂದಿರುವ ಐಟಂ ಅಪರೂಪ.

ಒಂದು ಲೇಔಟಿನ ರಾಜ್ಯೋತ್ಸವದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಎಂಬತ್ತರ ಹತ್ತಿರದ ವಯಸ್ಸು, ಗಟ್ಟಿ ಕೈ. ಪೆಂಡಾಲಿನ ಎಡಗಡೆ ಹೋದೆ, ಕೈ ಕಲ್ಲಿನ ಹಾಗೆ. ಬಲಗಡೆ ಹೋದೆ, ಅಲ್ಲೂ ಕಲ್ಲು. ಮೇಷ್ಟ್ರು ಹಠ ಹಿಡಿದಿದ್ದಾರೆ ಅಂದುಕೊಂಡೆ, ಬೆನ್ನಲ್ಲಿ ಬೆವರು. ಸುಮ್ಮನೆ ನಿಂತುಬಿಟ್ಟೆ. ಒಂದು ಕ್ಷಣ ಕಳೆದ ಮೇಲೆ ಅವರ ಕಿರುಬೆರಳು ಮಾತ್ರ ನನ್ನ ಕೈಯ ಮೇಲೆ ಮೆಲ್ಲಗೆ ಒತ್ತಿತು, ಕೆಳಕ್ಕೆ. ಮತ್ತೆ ಒತ್ತಿತು. ಬಗ್ಗಿ ನೋಡಿದರೆ ನನ್ನ ಕಾಲ ಹತ್ತಿರವೇ ಮೈಕಿನ ಸ್ಟ್ಯಾಂಡು. ಅದರ ಬುಡದಡಿ ಕೀಲಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ನನ್ನ ಕಿವಿಯಲ್ಲಿ "ನಾನು ಏನೂ ಹೇಳಿಲ್ಲಪ್ಪ" ಎಂದರು, ತಮ್ಮ ಮೇಲೇ ಅನುಮಾನ ಬಂದವರ ಹಾಗೆ.

ಮುಟ್ಟುವ ವಿಷಯ ಇದೆ. ಹೆಣ್ಣುಮಕ್ಕಳನ್ನು ಕರೆದರೆ ಕೈ ಹಿಡಿಯಲೇಬೇಡಿ. ಒಂದು ಟವೆಲಿನ ಆ ತುದಿ ಅವರು, ಈ ತುದಿ ನೀವು. ಸೂಚನೆ ಮಂದವಾಗುತ್ತದೆ, ಕೆಲಸ ಕಷ್ಟವಾಗುತ್ತದೆ, ಆದರೂ ಹಾಗೇ ಮಾಡಿ. ಇನ್ನು ಕುರ್ಚಿಗಳ ನಡುವೆ ಓಡಾಡಲು ಜಾಗ ಇಲ್ಲದ ಆಡಿಟೋರಿಯಂ ಆದರೆ ಈ ಐಟಂ ಮರೆತುಬಿಡಿ. ಎರಡು ಸಲವಾದರೂ ಶೋನಲ್ಲಿ ಸೋಲಲು ತಯಾರಿಲ್ಲದವರಿಗೂ ಬೇಡ.

ಉಳಿದವು, ಬೇಗ ಬೇಗ

ಇಬ್ಬರ ಜೋಡಿ. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸ್ಟೇಜಿನಲ್ಲಿ, ಇನ್ನೊಬ್ಬರು ಪ್ರೇಕ್ಷಕರ ನಡುವೆ ವಸ್ತು ಎತ್ತಿ ಹಿಡಿದು ಕೇಳೋದು. ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೂಡಿನ್ 1846ರಲ್ಲಿ ಪ್ಯಾರಿಸಿನಲ್ಲಿ ಮಗನ ಜೊತೆ ಮಾಡಿದ್ದ, ಆಸ್ಟ್ರೇಲಿಯಾದ ಪಿಡಿಂಗ್ಟನ್ ದಂಪತಿ 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾಡಿ, ನಿಜವೋ ಆಟವೋ "ನೀವೇ ತೀರ್ಮಾನಿಸಿ" ಎನ್ನುತ್ತಿದ್ದರು. ನಮ್ಮ ಜಾತ್ರೆಗಳಲ್ಲಿ ಹುಡುಗನಿಗೆ ಚಾದರ ಹೊದಿಸಿ ಮಲಗಿಸಿ "ಈ ಅಣ್ಣನ ಜೇಬಲ್ಲಿ ಏನಿದೆ?" ಎಂದು ಕೇಳುವವರು ಯಾವ ಪ್ಯಾರಿಸಿಗೂ ಕಡಿಮೆ ಇಲ್ಲ. ಪ್ರೇಕ್ಷಕರಿಗೆ ಕೆಲಸ ಸೊನ್ನೆ, ನಿಮಗೆ ಮಾತ್ರ ವರ್ಷಗಟ್ಟಲೆ. ಜೊತೆಗಾರರು ಮದುವೆಯಾಗಿ ಬೇರೆ ಊರಿಗೆ ಹೋದರೆ ಐಟಂ ಕೂಡ ಹೋಯಿತು.

ಹುಟ್ಟಿದ ವಾರ ಹೇಳೋದು. ತಾರೀಕು ಕೊಟ್ಟರೆ ವಾರ. ಇದು ಟ್ರಿಕ್ಕಲ್ಲ, ಲೆಕ್ಕ. ಮೂರು ತಿಂಗಳು ಕೂತರೆ ಯಾರಿಗಾದರೂ ಬರುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಪ್ರದರ್ಶನದಲ್ಲೂ ಇದು ಇರುತ್ತಿತ್ತು. ಅವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು, ನಾವು ಅಷ್ಟಕ್ಕೆ ಹೋಗೋದು ಬೇಡ. ಎಲ್ಲರೂ ಫೋನ್ ತೆಗೆದು ಸರಿಯಾ ಎಂದು ನೋಡಬಹುದು, ಅದೇ ಇದರ ಸೊಗಸು. ಶುರುವಿಗೆ ಒಂದು ಪುಟ್ಟ ಮಾತು: ರಾಜ್ಯ ಉದಯವಾದ 1956ರ ನವೆಂಬರ್ 1 ಗುರುವಾರ, ಕರ್ನಾಟಕ ಎಂದು ಹೆಸರಿಟ್ಟ 1973ರ ನವೆಂಬರ್ 1 ಕೂಡ ಗುರುವಾರ. ಒಂದು ಎಚ್ಚರಿಕೆ. ಅರವತ್ತು ದಾಟಿದವರಲ್ಲಿ ಎಷ್ಟೋ ಜನರ ಹುಟ್ಟಿದ ತಾರೀಕು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು, ಜೂನ್ 1 ಎಂದೇ ಇರುತ್ತದೆ. ನೀವು "ಸೋಮವಾರ" ಎನ್ನುತ್ತೀರಿ, ಅಜ್ಜಿ "ಇಲ್ಲಪ್ಪ, ಶುಕ್ರವಾರ ಹುಟ್ಟಿದ್ದು ಅಂತ ನಮ್ಮಮ್ಮ ಹೇಳ್ತಿದ್ರು" ಎನ್ನುತ್ತಾರೆ. ರಾಶಿ, ನಕ್ಷತ್ರ ಊಹಿಸುವ ಐಟಂಗಳಲ್ಲೂ ಇದೇ ಗೋಳು.

ಚಿತ್ರ ಬರೆಸಿ ಹೇಳೋದು ಈಗಲೂ ಒಳ್ಳೆಯದೇ, ನನ್ನ ಮೇಡಂ ಅವರ ಕತೆ ಏನೇ ಇರಲಿ. ಕೊನೆಗೆ ಎರಡು ಪ್ಯಾಡ್ ಅಕ್ಕಪಕ್ಕ ಹಿಡಿದಾಗ ದೂರದವರಿಗೂ ಕಾಣುತ್ತದೆ. ಮಾರ್ಕರ್ ದಪ್ಪದ್ದಿರಲಿ, ಕಪ್ಪು ಬಣ್ಣ ಇರಲಿ, ಮುಚ್ಚಳ ನೀವೇ ತೆಗೆದು ಕೊಡಿ.

ಲೋಟದಡಿ ಮೊಳೆ ಬಚ್ಚಿಟ್ಟು ಅವರ ಕೈಯನ್ನೇ ಕುಟ್ಟಿಸುವ ಐಟಂ ಬಗ್ಗೆ ಕೇಳಬೇಡಿ. 2016ರಲ್ಲಿ ಪೋಲೆಂಡಿನ ಟೀವಿಯಲ್ಲಿ ಮೊಳೆ ನಿರೂಪಕಿಯ ಅಂಗೈಗೆ ಹೊಕ್ಕಿತು. ಅಷ್ಟು ಸಾಕು.

ಯಾರನ್ನು ಕರೆಯೋದು?

"ಯಾರಾದರೂ ಬರ್ತೀರಾ?" ಎಂದು ಕೇಳಬೇಡಿ. ನಮ್ಮ ಕಡೆ ಯಾರೂ ಕೈ ಎತ್ತೋದಿಲ್ಲ. ಎರಡು ಕ್ಷಣ ಮೌನ, ಆಮೇಲೆ ಹಿಂದಿನ ಸಾಲಿನ ಹುಡುಗರು ಅವರಲ್ಲೇ ಅತಿ ನಾಚಿಕೆಯವನನ್ನು ದಬ್ಬಿ ಕಳಿಸುತ್ತಾರೆ. ಮುಂದಿನ ಸಾಲಿನ ಸೋಫಾದಲ್ಲಿರುವ ಮುಖ್ಯ ಅತಿಥಿಗಳೂ ಬೇಡ, ಅವರು ತಪ್ಪಿದರೆ ನಗಲು ಎಲ್ಲರಿಗೂ ಹೆದರಿಕೆ. ಇಂಗ್ಲೆಂಡಿನ ಮೆಂಟಲಿಸ್ಟ್ ಡೆರೆನ್ ಬ್ರೌನ್ ಸಭೆಗೆ ಫ್ರಿಸ್ಬೀ ಎಸೆದು, ಹಿಡಿದವರನ್ನು ಕರೆಯುತ್ತಾನೆ. ನಾನು ಬಟ್ಟೆಯ ಚೆಂಡು ಎಸೆಯುತ್ತೇನೆ. ಮೊದಲೇ ಮಾತಾಡಿಕೊಂಡವರು ಎಂಬ ಅನುಮಾನ ಅಲ್ಲಿಗೇ ಹೋಗುತ್ತದೆ. ಮಾತು ಬೇಕಾದ ಐಟಂಗೆ ಮಾತ್ರ ನಗುತ್ತಾ, ಮುಂದಕ್ಕೆ ಬಾಗಿ ಕೂತವರನ್ನು ನಾನೇ ನೋಡಿ ಕರೆಯುತ್ತೇನೆ.

ಮಧ್ಯೆ ಮಧ್ಯೆ ಕೂಗುವವರು ಇದ್ದೇ ಇರುತ್ತಾರೆ. ಇದಕ್ಕೆ ಮದ್ದು ಹೊರದೇಶದ ಪುಸ್ತಕಗಳಿಗಿಂತ ನಮ್ಮ ಅವಧಾನದಲ್ಲಿ ಚೆನ್ನಾಗಿದೆ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೋಡಿದ್ದರೆ ಗೊತ್ತಿರುತ್ತದೆ, ಎಂಟು ಪೃಚ್ಛಕರಲ್ಲಿ, ಅಂದರೆ ಪ್ರಶ್ನೆ ಹಾಕುವವರಲ್ಲಿ, ಒಬ್ಬರ ಕೆಲಸವೇ ಅಡ್ಡ ಮಾತಾಡೋದು. ಅಪ್ರಸ್ತುತ ಪ್ರಸಂಗ ಅಂತಲೇ ಅದಕ್ಕೆ ಹೆಸರು. ಪದ್ಯ ಕಟ್ಟುವ ಹೊತ್ತಿಗೆ ಸರಿಯಾಗಿ ಸಂಬಂಧವಿಲ್ಲದ ಪ್ರಶ್ನೆ ಎಸೆಯುತ್ತಾರೆ, ಸಭೆ ಆ ಉತ್ತರಕ್ಕೇ ಕಾದು ಕೂತಿರುತ್ತದೆ. ಅದನ್ನು ನೋಡಿದ ಮೇಲೆ ನಾನು ಕೂಗುವವರಿಗೆ ಒಂದು ಗಂಟೆ ಕೊಡಲು ಶುರು ಮಾಡಿದೆ. "ಸರ್, ನಿಮಗೆ ಅನುಮಾನ ಬಂದಾಗೆಲ್ಲ ಬಾರಿಸಿ." ಮೂರು ಸಲ ಬಾರಿಸುತ್ತಾರೆ. ನಾಲ್ಕನೇ ಸಲ ಪಕ್ಕದವರೇ ಕಿತ್ತುಕೊಳ್ಳುತ್ತಾರೆ.

ಮುಂದಿನ ತಿಂಗಳು ನನಗೆ ಒಂದು ಅಪಾರ್ಟ್‌ಮೆಂಟಿನ ಶೋ ಇದೆ. ಮುನ್ನೂರು ಜನ, ಬೇಸ್‌ಮೆಂಟಿನಲ್ಲಿ ಪೆಂಡಾಲು, ಐವತ್ತು ನಿಮಿಷ, ಮಕ್ಕಳು ಜಾಸ್ತಿ. ಚೀಟಿ ಹರಿಯುವ ಐಟಂ ಮೊದಲು, ಏಳಕ್ಷರ ಕೂಗಿಸಿ. ಆಮೇಲೆ ಹುಟ್ಟಿದ ವಾರ, ಮಕ್ಕಳದ್ದು ಮಾತ್ರ. ಕವರ್, ಅಡ್ಡಹೆಸರಿನ ಚೀಟಿ, ಒಂದು ಚಿತ್ರ. ಕೊನೆಗೆ ಕೀಲಿ ಹುಡುಕೋದು. ಬುಕ್ ಟೆಸ್ಟ್ ಮನೆಯಲ್ಲೇ ಇರುತ್ತದೆ. ಮತ್ತೆ ಸ್ಟೇಜಿನ ಬಲಗಡೆ ನನ್ನದೊಂದು ಎತ್ತರದ ಸ್ಟೂಲ್ ಇರುತ್ತದೆ, ಆ ಫ್ಯಾಮಿಲಿ ಡೇ ಆದ ಮಾರನೇ ವಾರ ತಂದದ್ದು. ಯಾರು ಬಂದರೂ ಹೆಸರು ಕೇಳುವ ಮುಂಚೆ ನಾನು ಹೇಳೋದು ಒಂದೇ: "ಬ್ಯಾಗ್ ಇಲ್ಲಿಡಿ ಮೇಡಂ, ಮೈಕ್ ನಾನು ಹಿಡ್ಕೋತೀನಿ."